ನಗೆಯ ಪಾಲಿಗೆ ಹೋದ ವರ್ಷಗಳು

ಗಂಡಸಿಯಿಂದ ತಿಪಟೂರಿಗೆ ಹೋಗಿ, ಅಲ್ಲಿಂದ ತುರುವೇಕೆರೆಯ ದಾರಿ ಹಿಡಿದರೆ ಸಿಗುವ ಊರು ನೊಣವಿನಕೆರೆ. ನಡುವೆ ಎಲ್ಲೋ ಹಾಸನ ಜಿಲ್ಲೆ ಮುಗಿದು ತುಮಕೂರು ಜಿಲ್ಲೆ ಶುರುವಾಗುತ್ತದೆ; ಅದು ಕಂದಾಯ ಇಲಾಖೆಯ ಲೆಕ್ಕ. ಎರಡೂ ಕಡೆ ಅದೇ ತೆಂಗು, ಅದೇ ರಾಗಿ. ಕೊಬ್ಬರಿ ಧಾರಣೆ ಏರಿದರೆ ಒಟ್ಟಿಗೆ ಹಿಗ್ಗುವ, ಇಳಿದರೆ ಒಟ್ಟಿಗೆ ಕುಗ್ಗುವ ಸೀಮೆ ಇದು. ಮಾತಿನ ಧಾಟಿಯೂ ಹೆಚ್ಚುಕಡಿಮೆ ಒಂದೇ. ಕಾಡಸಿದ್ಧೇಶ್ವರ ಮಠದಿಂದ ಹೆಸರಾದ ಆ ಊರಿನಲ್ಲಿ 1957ರ ಮೇ 10ರಂದು ಹುಟ್ಟಿದ ಹೆಣ್ಣುಮಗಳು ಮುಂದೆ ಉಮಾಶ್ರೀ ಎಂಬ ಹೆಸರಿನಲ್ಲಿ ಕನ್ನಡಿಗರ ಮನೆಮನೆಗೂ ಪರಿಚಯವಾದರು. ಈಗ ಅವರು ಎಪ್ಪತ್ತರ ಹೊಸ್ತಿಲಿಗೆ ಬಂದಿದ್ದಾರೆ. ನಾಟಕ, ಸಿನಿಮಾ, ಧಾರಾವಾಹಿ, ಶಾಸನಸಭೆ, ಕೊನೆಗೆ ಯಕ್ಷಗಾನದ ರಂಗಸ್ಥಳ, ಇಷ್ಟೂ ಕಡೆ ಕಾಲಿಟ್ಟ ನಟಿ ಕನ್ನಡದಲ್ಲಿ ಇನ್ನೊಬ್ಬರು ಸಿಗುವುದು ಕಷ್ಟ. ಅವರು ಮಾಡಿದ ಪಾತ್ರಗಳನ್ನು ಒಂದರ ಪಕ್ಕ ಒಂದಿಟ್ಟು ನೋಡಿದರೆ, ಕನ್ನಡ ಸಿನಿಮಾ ನಮ್ಮಂಥ ಊರುಗಳ ಹೆಂಗಸರಿಂದ ಏನನ್ನು ಕೇಳಿತು, ಏನನ್ನು ಕೇಳಲೇ ಇಲ್ಲ ಎಂಬ ಲೆಕ್ಕವೂ ತಾನಾಗಿ ಬಿಚ್ಚಿಕೊಳ್ಳುತ್ತದೆ.

ಅವರು ಹುಟ್ಟುವ ಹೊತ್ತಿಗೆ ಈ ಸೀಮೆಗೆ ನಾಟಕ ಹೊಸದಾಗಿರಲಿಲ್ಲ. ಬೆಂಗಳೂರಿನಿಂದ ಅರಸೀಕೆರೆಗೆ ಬರುವ ರೈಲುದಾರಿಯ ಮೇಲೇ ಇರುವ ಗುಬ್ಬಿಯಲ್ಲಿ 1884ರಲ್ಲಿ ಹುಟ್ಟಿದ ನಾಟಕ ಕಂಪನಿ, ವೀರಣ್ಣನವರ ಕಾಲಕ್ಕೆ ನಾಡನ್ನೆಲ್ಲ ಸುತ್ತಿ ಬಂದಿತ್ತು. ಗಂಡಸರೇ ಸೀರೆಯುಟ್ಟು ಸತಿಯರಾಗುತ್ತಿದ್ದ ಕಾಲದಲ್ಲಿ ಹೆಣ್ಣುಮಕ್ಕಳನ್ನು ರಂಗಕ್ಕೆ ತಂದ ಕಂಪನಿಗಳಲ್ಲಿ ಅದೂ ಒಂದು. ಬಿ. ಜಯಮ್ಮನವರು ಅಲ್ಲಿಂದಲೇ ಎದ್ದು ಬಂದವರು. ಮೂಕಿ ಚಿತ್ರಗಳ ಕಾಲದಲ್ಲೇ ಕ್ಯಾಮೆರಾ ಮುಂದೆ ನಿಂತು, 'ಸುಭದ್ರಾ', 'ಹೇಮರೆಡ್ಡಿ ಮಲ್ಲಮ್ಮ' ಚಿತ್ರಗಳಿಂದ ಕನ್ನಡದಲ್ಲಿ, 'ಸ್ವರ್ಗಸೀಮ'ದಿಂದ ತೆಲುಗಿನಲ್ಲಿ ಹೆಸರು ಮಾಡಿದರು. ಆದರೆ ಅದು ಕಂಪನಿಯ ಮಾತು. ಕಂಪನಿ ಕ್ಯಾಂಪು ಎತ್ತಿಕೊಂಡು ಹೋದ ಮೇಲೆ ಊರಲ್ಲಿ ಉಳಿಯುತ್ತಿದ್ದುದು ಊರವರದೇ ನಾಟಕ. ಸುಗ್ಗಿ ಮುಗಿದ ಮೇಲೆ ಹಾರ್ಮೋನಿಯಂ ಮೇಷ್ಟ್ರನ್ನು ಕರೆಸಿ, ತಿಂಗಳುಗಟ್ಟಲೆ ಕಂದಪದ್ಯ ಕಲಿತು, ಡ್ರಾಮಾ ಸೀನರಿಯನ್ನು ಬಾಡಿಗೆಗೆ ತಂದು ಕಟ್ಟಿ, ರಾತ್ರಿಯಿಡೀ ಆಡುವ 'ಕುರುಕ್ಷೇತ್ರ'. ಅದರ ಹಣಕಾಸು ಹೊರಗಿನವರಿಗೆ ವಿಚಿತ್ರವಾಗಿ ಕಾಣಬಹುದು, ನಮಗೆ ಅಭ್ಯಾಸವಾಗಿದೆ: ದುರ್ಯೋಧನನಾಗುವವನು ತನ್ನ ಕೈಯಿಂದಲೇ ದುಡ್ಡು ಕಟ್ಟಿ ಪಾತ್ರ ಹಿಡಿಯುತ್ತಾನೆ, ಕೃಷ್ಣನಿಗೊಂದು ವಂತಿಗೆ, ಭೀಮನಿಗೊಂದು ವಂತಿಗೆ. ದುಡ್ಡು ಪಡೆದು ಆಡುವವರೆಂದರೆ ದ್ರೌಪದಿ, ಕುಂತಿ, ಉತ್ತರೆಯರು ಮಾತ್ರ. ಊರಿನ ಹೆಣ್ಣುಮಕ್ಕಳು ಬಣ್ಣ ಹಚ್ಚುವ ಮಾತೇ ಇಲ್ಲದ್ದರಿಂದ ಅವರು ಹೊರಗಿನಿಂದ ಬರಬೇಕು. ಸಂಜೆಯ ಬಸ್ಸಿಗೆ ಬಂದು, ಸಂಘದವರು ಗೊತ್ತು ಮಾಡಿದ ಮನೆಯಲ್ಲಿ ಬಣ್ಣ ಹಚ್ಚಿಕೊಂಡು, ಬೆಳಗಿನ ಜಾವ ಮಂಗಳ ಹಾಡಿದ ಮೇಲೆ ಮೊದಲ ಬಸ್ಸಿಗೆ ಹೊರಟುಬಿಡುತ್ತಿದ್ದರು. ರಾತ್ರಿಯೆಲ್ಲ 'ಒನ್ಸ್‌ಮೋರ್' ಎಂದು ಕೂಗಿ ನೋಟಿನ ಹಾರ ಹಾಕಿದ ಊರು, ಬೆಳಗಾದ ಮೇಲೆ ಅರಳಿಕಟ್ಟೆಯಲ್ಲಿ ಅವರ ಹೆಸರನ್ನು ಹಗುರವಾಗಿ ಆಡುತ್ತಿತ್ತು. ಕಲೆಗೆ ಕೈ ಮುಗಿದು ಕಲಾವಿದೆಯನ್ನು ಮೂಗುಮುರಿದು ನೋಡುವ ಈ ಎರಡು ಬಗೆಯ ನೋಟ ಹಳ್ಳಿಯಲ್ಲಷ್ಟೇ ಉಳಿಯಲಿಲ್ಲ. ಬಸ್ಸು ಹತ್ತಿ ಬೆಂಗಳೂರಿಗೂ ಹೋಯಿತು, ಗಾಂಧಿನಗರಕ್ಕೂ ಹೋಯಿತು.

ಉಮಾಶ್ರೀ ರಂಗಕ್ಕೆ ಬಂದದ್ದು ಹಂಬಲದಿಂದ ಎಷ್ಟೋ ಅನಿವಾರ್ಯತೆಯಿಂದಲೂ ಅಷ್ಟೇ. ಎಳವೆಯಲ್ಲೇ ತಂದೆತಾಯಿಯನ್ನು ಕಳೆದುಕೊಂಡು ಬಂಧುಗಳ ಆಸರೆಯಲ್ಲಿ ಬೆಳೆದದ್ದು, ಮಕ್ಕಳನ್ನು ಸಾಕುವ ಭಾರ ಒಬ್ಬರ ಹೆಗಲಿಗೇ ಬಿದ್ದದ್ದು, ಇವನ್ನೆಲ್ಲ ಅವರೇ ವೇದಿಕೆಗಳಲ್ಲಿ ಹೇಳಿಕೊಂಡಿದ್ದಾರೆ. ಇಲ್ಲಿ ಬಿಡಿಸಿ ಹೇಳಬೇಕಾಗಿಲ್ಲ. ಹೇಳಬೇಕಾದ್ದು ಅವರು ಬಂದ ಕಾಲದ ಬಗ್ಗೆ. ಎಪ್ಪತ್ತರ ದಶಕದ ಬೆಂಗಳೂರಿನಲ್ಲಿ ಹವ್ಯಾಸಿ ರಂಗಭೂಮಿ ಕಾವೇರಿತ್ತು. ಬಿ.ವಿ. ಕಾರಂತರ ನಾಟಕಗಳು ರವೀಂದ್ರ ಕಲಾಕ್ಷೇತ್ರದ ಸುತ್ತಮುತ್ತ ಹೊಸ ಪ್ರೇಕ್ಷಕರನ್ನು ಸೃಷ್ಟಿಸಿದ್ದವು. 1975ರಲ್ಲಿ 'ಸಮುದಾಯ' ರಂಗತಂಡ ಹುಟ್ಟಿತು. ಗುಬ್ಬಿ ವೀರಣ್ಣನವರ ಮೊಮ್ಮಗಳು ಬಿ. ಜಯಶ್ರೀ ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಯಲ್ಲಿ ಕಲಿತು ಬಂದು 1976ರಲ್ಲಿ 'ಸ್ಪಂದನ' ಕಟ್ಟಿದರು. ಜಯಶ್ರೀಯವರ ಬೆನ್ನಿಗೆ ಮನೆತನವಿತ್ತು, ತರಬೇತಿಯಿತ್ತು, ಗಂಟಲಲ್ಲಿ ಮೂರು ತಲೆಮಾರಿನ ರಂಗಗೀತೆಯಿತ್ತು. ನೊಣವಿನಕೆರೆಯ ಹೆಣ್ಣುಮಗಳಿಗೆ ಇವು ಒಂದೂ ಇರಲಿಲ್ಲ. ಕಿವಿಗೆ ಬಿದ್ದ ಮಾತನ್ನು ಹಾಗೇ ಹಿಡಿದಿಟ್ಟುಕೊಳ್ಳುವ ಶಕ್ತಿಯೊಂದಿತ್ತು. ಸಂತೆಯಲ್ಲಿ, ಬಾವಿಕಟ್ಟೆಯಲ್ಲಿ, ಕೂಲಿಯ ಜಾಗದಲ್ಲಿ ಹೆಂಗಸರು ಹೇಗೆ ನಿಲ್ಲುತ್ತಾರೆ, ಸೆರಗನ್ನು ಎಲ್ಲಿ ಸಿಕ್ಕಿಸಿಕೊಳ್ಳುತ್ತಾರೆ, ಯಾರ ಮುಂದೆ ದನಿ ಇಳಿಸುತ್ತಾರೆ, ಯಾರ ಮೇಲೆ ಏರಿಸುತ್ತಾರೆ ಎಂಬುದು ಅವರಿಗೆ ಯಾವ ಶಾಲೆಯೂ ಕಲಿಸದೆ ಬಂದಿತ್ತು.

ದೊಡ್ಡ ಪರದೆಯಲ್ಲಿ ಅವರನ್ನು ನಾಡು ಗಮನಿಸಿದ್ದು 1984ರಲ್ಲಿ, ಕಾಶಿನಾಥರ 'ಅನುಭವ'ದಲ್ಲಿ. ಕಾಮದ ವಿಷಯವನ್ನು ಮುಚ್ಚುಮರೆಯಿಲ್ಲದೆ ಮುಂದಿಟ್ಟ ಚಿತ್ರ ಅದು. ಆ ಕಾಲದ ಮನೆಗಳಲ್ಲಿ ಅದರ ಹೆಸರನ್ನು ಹಿರಿಯರ ಮುಂದೆ ಎತ್ತುವಂತಿರಲಿಲ್ಲ, ಆದರೂ ಟಾಕೀಸು ತುಂಬುತ್ತಿತ್ತು. ಅಂಥ ಪಾತ್ರವನ್ನು ಒಪ್ಪಿಕೊಳ್ಳಲು ಬೇಕಾದ ಎದೆಗಾರಿಕೆ ಆಗಿನ ಹೆಸರಾಂತ ನಾಯಕಿಯರಲ್ಲಿ ಎಷ್ಟು ಜನಕ್ಕಿತ್ತು? ಪರದೇಶದಲ್ಲಾಗಿದ್ದರೆ ಇಂಥ ಧೈರ್ಯದ ಮೊದಲ ಹೆಜ್ಜೆಯ ನಂತರ ಇನ್ನೂ ಕಠಿಣವಾದ ಪಾತ್ರಗಳು ಹುಡುಕಿಕೊಂಡು ಬರುತ್ತಿದ್ದವೇನೋ. ಇಲ್ಲಿ ಬಂದದ್ದು ಮುದ್ರೆ. 'ಇಂಥ ಪಾತ್ರಕ್ಕೆ ಇವರು' ಎಂದು ಗಾಂಧಿನಗರ ತೀರ್ಮಾನಿಸಿಬಿಟ್ಟಿತು. ಹಗಲಲ್ಲಿ ಹೆಸರನ್ನು ಹಗುರವಾಗಿ ಆಡಿದ ಅರಳಿಕಟ್ಟೆಯ ಬುದ್ಧಿಯೇ ಇಲ್ಲಿ ಪ್ಯಾಂಟು ಷರ್ಟು ಹಾಕಿಕೊಂಡು ಕೂತಿತ್ತು.

ಆಮೇಲಿನ ಇಪ್ಪತ್ತು ವರ್ಷ ನಗೆಯ ವರ್ಷಗಳು. ಎನ್.ಎಸ್. ರಾವ್, ದಿನೇಶ್, ಮೈಸೂರು ಲೋಕೇಶ್, ದೊಡ್ಡಣ್ಣ ಇವರ ಎದುರು ಉಮಾಶ್ರೀ ನಿಂತರೆಂದರೆ ಟೆಂಟಿನ ಗಾಂಧಿ ಕ್ಲಾಸಿನಿಂದ ಶಿಳ್ಳೆ ಏಳುತ್ತಿತ್ತು. ಆಗಿನ ಚಿತ್ರಗಳ ಕಟ್ಟಡವೇ ಹಾಗಿತ್ತು: ಕಥೆ ಒಂದು ದಾರಿಯಲ್ಲಿ ಹೋಗುತ್ತಿರುತ್ತದೆ, ಹಾಸ್ಯ ಪಕ್ಕದ ಗಲ್ಲಿಯಲ್ಲಿ ಬೇರೆಯಾಗಿ ನಡೆಯುತ್ತಿರುತ್ತದೆ. ಎರಡಕ್ಕೂ ಸಂಬಂಧವಿರಲೇಬೇಕೆಂಬ ನಿಯಮವಿಲ್ಲ. ನಾಯಕ ನಾಯಕಿ ಊಟಿಯಲ್ಲಿ ಹಾಡು ಮುಗಿಸಿ ಬರುವಷ್ಟರಲ್ಲಿ ಇಲ್ಲಿ ಗಂಡಹೆಂಡಿರ ಜಗಳ, ಪೊರಕೆಯೇಟು, ಎರಡರ್ಥದ ಮಾತು. ಆ ಸಂಭಾಷಣೆಗಳಲ್ಲಿ ಬಹುಪಾಲು ಇಂದು ಬರಹದಲ್ಲಿ ಓದಿದರೆ ಮುಖ ಸಿಂಡರಿಸುವಂಥವು. ಆದರೆ ಈಗ ಟಿವಿಯಲ್ಲಿ ಆ ಹಳೆಯ ತುಣುಕುಗಳು ಬಂದಾಗ ಕೊಂಚ ನಿಂತು ನೋಡಬೇಕು. ಎದುರಿಗಿದ್ದ ನಟ ಮಾತಿನಲ್ಲಿ ನಗಿಸುತ್ತಿರುವಾಗ ಉಮಾಶ್ರೀ ಮಾತು ಮುಗಿದ ಮೇಲಿನ ಅರೆಗಳಿಗೆಯಲ್ಲಿ ನಗಿಸುತ್ತಾರೆ. ಕಣ್ಣು ಒಂದು ಕಡೆ, ತುಟಿ ಒಂದು ಕಡೆ. ಬೈಯುತ್ತಿರುವ ಹೆಂಗಸು ಒಳಗೆ ಅಂಜುತ್ತಿದ್ದಾಳೆ ಎಂಬುದು ಬೈಗುಳದ ನಡುವೆಯೇ ಗೊತ್ತಾಗುತ್ತದೆ. ಬರೆದವರು ಇಟ್ಟಿರದ ಬದುಕನ್ನು ನಟಿ ತಾನೇ ತಂದು ತುಂಬಿದ್ದಾರೆ. ಹಾಸ್ಯನಟಿಯರ ಪರಂಪರೆ ಕನ್ನಡಕ್ಕಿತ್ತು, ರಮಾದೇವಿಯವರನ್ನು, ಬಿ. ಜಯ ಅವರನ್ನು ಮರೆತವರಾರು? ಅವರ ಬಜಾರಿತನಕ್ಕೆ ಒಂದು ಬಗೆಯ ಮನೆಯಂಗಳದ ರಕ್ಷಣೆಯಿತ್ತು. ಉಮಾಶ್ರೀ ಪಾತ್ರಗಳಿಗೆ ಆ ರಕ್ಷಣೆಯೂ ಇರಲಿಲ್ಲ. ಬೀದಿಯ ನಡುವೆ ನಿಂತು ನಗಿಸಬೇಕಿತ್ತು.

ಇದೇ ಕಾಲದಲ್ಲಿ, ಹಗಲು ಸ್ಟುಡಿಯೋದಲ್ಲಿ ನಗೆ ಮಾರಿ ಬಂದ ನಟಿಯನ್ನು ಸಂಜೆ ರಂಗಭೂಮಿ ಬೇರೆಯೇ ಕೆಲಸಕ್ಕೆ ಕರೆಯಿತು. ಸಿ.ಜಿ. ಕೃಷ್ಣಸ್ವಾಮಿ, ನಾಟಕದವರ ಬಾಯಲ್ಲಿ ಸಿಜಿಕೆ, ದೇವನೂರ ಮಹಾದೇವರ 'ಒಡಲಾಳ'ವನ್ನು ರಂಗಕ್ಕೆ ತಂದರು. ಓದಿದವರಿಗೆ ಸಾಕವ್ವನ ಪರಿಚಯ ಮಾಡಿಕೊಡಬೇಕಿಲ್ಲ. ಕಳೆದುಹೋದ ಹುಂಜಕ್ಕಾಗಿ ಕೇರಿಯೆಲ್ಲ ಅಲೆಯುವ ಮುದುಕಿ. ತುಂಬಿದ ಗುಡಿಸಲಿನ ಯಜಮಾನಿ. ರಾತ್ರಿ ಬೆಂಕಿಯ ಸುತ್ತ ಕೂತು ಇಡೀ ಮನೆ ಕದ್ದು ತಂದ ಕಡಲೆಕಾಯಿ ತಿನ್ನುವಾಗ ಅವಳ ಮುಖದಲ್ಲಿ ಸಂಭ್ರಮವೂ ಉಂಟು, ಭಯವೂ ಉಂಟು. ಬೆಳಗಾದರೆ ಪೊಲೀಸರು ಬರುತ್ತಾರೆ. ಹಸಿವನ್ನು ಅಳು ಬರಿಸುವ ವಸ್ತುವಾಗಿ ಮಾಡದೆ, ನಗುವಿನ ಒಳಗೇ ಇಟ್ಟು ತೋರಿಸಿದ ಕಥೆ ಅದು. ಅಲ್ಲಿ ಉಮಾಶ್ರೀ ಸಾಕವ್ವನಾದರು. ತಮಗಿಂತ ಹಿರಿಯ ವಯಸ್ಸನ್ನು ಬರಿಯ ನರೆಗೂದಲಿನಿಂದ ತರಲಿಲ್ಲ. ಸೊಂಟ, ಮೊಣಕಾಲು, ಉಸಿರು, ಪ್ರತಿಯೊಂದರಲ್ಲೂ ಆ ಮುದುಕಿಯ ಆಯಸ್ಸು ಇತ್ತು. ಸಿನಿಮಾ ಅವರಿಂದ ಕೇಳುತ್ತಿದ್ದ ಅದೇ ಬೈಗುಳ, ಅದೇ ಕುಚೋದ್ಯ, ಅದೇ ದನಿ ಇಲ್ಲೂ ಇದ್ದವು. ಆದರೆ ಅವಕ್ಕೆ ಇಲ್ಲಿ ಒಂದು ಮನೆಯಿತ್ತು, ಜಾತಿಯಿತ್ತು, ಹೊಟ್ಟೆಯಿತ್ತು. ಕನ್ನಡದ ಹವ್ಯಾಸಿ ರಂಗಭೂಮಿಯ ದೊಡ್ಡ ಪಾತ್ರಗಳ ಮಾತು ಬಂದಾಗಲೆಲ್ಲ ಈ ಸಾಕವ್ವ ಇಂದಿಗೂ ಬಂದು ಕೂರುತ್ತಾಳೆ. ಕಲಾಕ್ಷೇತ್ರದ ಕತ್ತಲಲ್ಲಿ ಕೂತು ಇದನ್ನು ಕಂಡ ಚಿತ್ರರಂಗದವರು ಎಷ್ಟು ಮಂದಿಯೋ! ಮರುದಿನ ಅವರು ಬರೆದ ದೃಶ್ಯದಲ್ಲಿ ಮಾತ್ರ ಮತ್ತೆ ಪೊರಕೆಯೇ ಇರುತ್ತಿತ್ತು.

1995ರ 'ಪುಟ್ನಂಜ'ವನ್ನು ಈ ನಡುವೆ ನೆನೆಯಲೇಬೇಕು. ಅದರ ಪುಟ್ಮಲ್ಲಿಯನ್ನು ನಮ್ಮ ಸೀಮೆ ಎಷ್ಟು ಹಚ್ಚಿಕೊಂಡಿತೆಂದರೆ, ಮದುವೆ ಮನೆಗಳ ಧ್ವನಿವರ್ಧಕದಲ್ಲಿ ಆ ಚಿತ್ರದ ಹಂಸಲೇಖರ ಹಾಡು ಎಷ್ಟೋ ವರ್ಷ ಇಳಿಯಲೇ ಇಲ್ಲ. ನಾಯಕ ರವಿಚಂದ್ರನ್‌ಗೆ ಅಜ್ಜಿಯಾಗಿದ್ದರು ಉಮಾಶ್ರೀ. ರವಿಚಂದ್ರನ್ ಹುಟ್ಟಿದ್ದು 1961ರಲ್ಲಿ. ಅಂದರೆ ಅಜ್ಜಿ ಮೊಮ್ಮಗನಿಗಿಂತ ನಾಲ್ಕೇ ವರ್ಷಕ್ಕೆ ದೊಡ್ಡವರು! ಮೂವತ್ತೆಂಟರ ನಟ ಕಾಲೇಜು ಹುಡುಗನಾಗುವ, ಮೂವತ್ತೆಂಟರ ನಟಿ ಅಜ್ಜಿಯಾಗುವ ನಮ್ಮ ಉದ್ಯಮದ ಗಣಿತಕ್ಕೆ ಇದಕ್ಕಿಂತ ನೇರವಾದ ಉದಾಹರಣೆ ಬೇಡ. ಆದರೂ ಆ ಅಜ್ಜಿ ಬರಿಯ ವೇಷವಾಗಲಿಲ್ಲ. ಸಾಕವ್ವನನ್ನು ಆಡಿದ ಮೈಗೆ ಮುಪ್ಪಿನ ಗುಟ್ಟು ಗೊತ್ತಿತ್ತು. ಜನಪ್ರಿಯ ಸಿನಿಮಾ ಉಮಾಶ್ರೀಗೆ ಕೊಟ್ಟ ಲಾಭದ ಪುಟದಲ್ಲಿ ಪುಟ್ಮಲ್ಲಿಗೆ ಮೊದಲ ಸಾಲು. ನಂತರದಲ್ಲಿ ಯೋಗರಾಜ ಭಟ್ಟರ 'ಮಣಿ'ಯಂಥ ಚಿತ್ರಗಳು ಒಂದಿಷ್ಟು ಗಂಭೀರ ಅವಕಾಶ ಕೊಟ್ಟವು. ಅಲ್ಲಿಗೆ ಅವರಿಗೆ ಐವತ್ತು ಹತ್ತಿರವಾಗಿತ್ತು.

ಐವತ್ತರಲ್ಲಿ ಗುಲಾಬಿ ಬಂದಳು. ವೈದೇಹಿಯವರ ಕಥೆಯನ್ನು ಗಿರೀಶ ಕಾಸರವಳ್ಳಿ 'ಗುಲಾಬಿ ಟಾಕೀಸ್' ಚಿತ್ರದಲ್ಲಿ ತೊಂಬತ್ತರ ದಶಕದ ಕೊನೆಗೆ, ಕುಂದಾಪುರದ ಕಡಲ ಕರೆಯ ಮೀನುಗಾರರ ನಡುವೆ ತಂದು ನಿಲ್ಲಿಸಿದರು. ಗುಲಾಬಿ ಸೂಲಗಿತ್ತಿ, ಮುಸ್ಲಿಂ ಹೆಂಗಸು, ಗಂಡ ಬಿಟ್ಟವಳು, ಸಿನಿಮಾದ ಹುಚ್ಚಿನವಳು. ಟಾಕೀಸಿನಲ್ಲಿ ಚಿತ್ರ ನೋಡುತ್ತಿದ್ದವಳನ್ನು ಅರ್ಧದಲ್ಲೇ ಎಬ್ಬಿಸಿಕೊಂಡು ಹೋಗಿ ಹೆರಿಗೆ ಮಾಡಿಸಿಕೊಂಡ ಸಿರಿವಂತರ ಮನೆಯವರು ಅವಳಿಗೆ ಬಣ್ಣದ ಟಿವಿ, ಡಿಶ್ ಕೊಡಿಸುತ್ತಾರೆ. ಅವಳ ಗುಡಿಸಲು ಊರ ಹೆಂಗಸರ ಟಾಕೀಸಾಗುತ್ತದೆ. ಕೆಲವರು ಒಳಗೆ ಬರುತ್ತಾರೆ, ಕೆಲವರು ಅವಳ ಧರ್ಮದ ನೆನಪಾಗಿ ಹೊರಗೇ ನಿಲ್ಲುತ್ತಾರೆ. ಕಾರ್ಗಿಲ್ ಯುದ್ಧದ ಸುದ್ದಿ ಅದೇ ಟಿವಿಯಿಂದ ಬಂದು ಊರನ್ನು ಎರಡಾಗಿ ಸೀಳುತ್ತದೆ. ಕೊನೆಗೆ ಗುಲಾಬಿ ಊರು ಬಿಡಬೇಕಾಗುತ್ತದೆ. ಈ ಚಿತ್ರದಲ್ಲಿ ಉಮಾಶ್ರೀ ಮಾಡಿದ ದೊಡ್ಡ ಕೆಲಸ ಗುಲಾಬಿಯನ್ನು ಕನಿಕರದಿಂದ ದೂರ ಇಟ್ಟದ್ದು. ಅವಳಿಗೆ ಸಿನಿಮಾ ನೋಡುವ ಆಸೆಯಿದೆ, ಹೊಸ ಟಿವಿಯ ಜಂಬವಿದೆ, ಕಳ್ಳನಗೆಯಿದೆ, ಗಂಡನ ಮೇಲಿನ ಸಿಟ್ಟಿದೆ. ಇಪ್ಪತ್ತು ವರ್ಷ ಬೀದಿಯಲ್ಲಿ ನಿಂತು ನಗಿಸಿದ ಅಭ್ಯಾಸವೇ ಇಲ್ಲಿ ಒಳಮುಖವಾಗಿ ತಿರುಗಿಕೊಂಡಿತ್ತು. ಹಾಸ್ಯಪಾತ್ರಗಳು ನಷ್ಟವೆಂದು ಬರೆದಿಡಲು ಹೊರಟವರ ಕೈಯನ್ನು ಗುಲಾಬಿ ಹಿಡಿದು ನಿಲ್ಲಿಸುತ್ತಾಳೆ. ಆ ವರ್ಷಗಳಿಲ್ಲದೆ ಆ ನಗು ಇಷ್ಟು ಸಲೀಸಾಗಿ ಬರುತ್ತಿರಲಿಲ್ಲವೇನೋ. ಹಾಗೆಂದು ಆ ವರ್ಷಗಳ ಖರ್ಚು ಸಣ್ಣದೆಂದು ನಾವು ಒಪ್ಪುವುದಿಲ್ಲ.

2007ನೇ ಸಾಲಿನ ಶ್ರೇಷ್ಠ ನಟಿ ರಾಷ್ಟ್ರೀಯ ಪ್ರಶಸ್ತಿ ಗುಲಾಬಿಗೆ ಬಂತು. ಕನ್ನಡ ಚಿತ್ರಕ್ಕಾಗಿ ಆ ಪ್ರಶಸ್ತಿ ಪಡೆದವರು ಅವರಿಗೆ ಮೊದಲು ಇಬ್ಬರೇ: 'ಕಾಡು' ಚಿತ್ರದ ನಂದಿನಿ ಭಕ್ತವತ್ಸಲ, 'ಹಸೀನಾ'ದ ತಾರಾ. 'ಹಸೀನಾ'ವೂ ಕಾಸರವಳ್ಳಿಯವರದೇ. ಪತ್ರಿಕೆಗಳು ಸಂಭ್ರಮಿಸಿದವು, ಸನ್ಮಾನಗಳಾದವು, ಇನ್ನು ಮುಂದೆ ಈ ನಟಿಗೆ ತಕ್ಕ ಪಾತ್ರಗಳು ಬರುತ್ತವೆ ಎಂದು ಉದ್ಯಮದ ಹಿರಿಯರು ವೇದಿಕೆಗಳಲ್ಲಿ ಭರವಸೆಯ ಮಾತಾಡಿದರು. ಬಂದವು ಎಷ್ಟು? ಮತ್ತೆ ಕರೆದವರು ಕಾಸರವಳ್ಳಿಯವರೇ. ಅಮರೇಶ ನುಗಡೋಣಿಯವರ ಕಥೆಯನ್ನು ಆಧರಿಸಿದ 'ಕನಸೆಂಬೋ ಕುದುರೆಯನೇರಿ'ಯಲ್ಲಿ ಗುಣಿ ತೋಡುವ ಈರ್ಯನಾಗಿ ವೈಜನಾಥ ಬಿರಾದಾರ, ಅವನ ಹೆಂಡತಿ ರುದ್ರಿಯಾಗಿ ಉಮಾಶ್ರೀ. ಬಿರಾದಾರರದೂ ಇದೇ ಕಥೆ. ನೂರಾರು ಚಿತ್ರಗಳಲ್ಲಿ ಭಿಕ್ಷುಕ, ಕುಡುಕ, ಪೆದ್ದ ಎಂದು ಒಂದೊಂದು ದೃಶ್ಯಕ್ಕೆ ಬಂದು ಹೋದ ನಟ ಅವರು. ಜನಪ್ರಿಯ ಸಿನಿಮಾ ನಗೆಗೆಂದು ಬದಿಗಿಟ್ಟಿದ್ದ ಇಬ್ಬರನ್ನು ಒಂದೇ ಗುಡಿಸಲಲ್ಲಿ ಕೂರಿಸಿ ಕಾಸರವಳ್ಳಿ ಏನನ್ನೂ ಹೇಳದೆಯೇ ಬಹಳ ಹೇಳಿದರು.

ಇಲ್ಲಿ ಒಂದು ಸಂಗತಿ ನಮಗೆ ಎದ್ದು ಕಾಣುತ್ತದೆ, ಇದುವರೆಗೆ ಯಾಕೋ ಅದರ ಚರ್ಚೆ ಆದದ್ದು ಕಡಿಮೆ. ಉಮಾಶ್ರೀಯವರ ದೊಡ್ಡ ಪಾತ್ರಗಳೆಲ್ಲ ಎಲ್ಲಿಂದ ಬಂದವು? ಸಾಕವ್ವ ದೇವನೂರರಿಂದ, ಗುಲಾಬಿ ವೈದೇಹಿಯವರಿಂದ, ರುದ್ರಿ ನುಗಡೋಣಿಯವರಿಂದ. ಮೂರೂ ಕನ್ನಡ ಕಥಾಸಾಹಿತ್ಯದ ಮನೆಯಿಂದ. ಗಾಂಧಿನಗರದ ಕಥಾವಿಭಾಗಗಳು ತಾವಾಗಿ ಹುಟ್ಟಿಸಿ ಅವರಿಗೆ ಕೊಟ್ಟ ನಾಯಕಿಯ ಪಾತ್ರ ಯಾವುದೆಂದು ಕೇಳಿದರೆ ಉತ್ತರಕ್ಕೆ ತಡಕಾಡಬೇಕು. ಕಪ್ಪು ಮೈಬಣ್ಣದ, ದುಡಿದು ಗಟ್ಟಿಯಾದ ಕೈಗಳ, ಸಿಟ್ಟೂ ಆಸೆಯೂ ಇರುವ ಹೆಂಗಸನ್ನು ನಮ್ಮ ಕಥೆಗಾರರು ಕಂಡರು. ನಮ್ಮ ಸಿನಿಮಾ ಕಾಣಲಿಲ್ಲ, ಕಂಡಾಗಲೂ ನಕ್ಕಿತು. ತಪ್ಪೆಲ್ಲ ನಿರ್ಮಾಪಕರದೆಂದು ಕೈ ತೊಳೆದುಕೊಳ್ಳಲೂ ಆಗದು. 'ಗುಲಾಬಿ ಟಾಕೀಸ್' ತೆರೆಕಂಡಾಗ ಅದನ್ನು ಟಿಕೆಟ್ ಕೊಂಡು ನೋಡಿದವರು ನಮ್ಮ ಹೋಬಳಿಯಲ್ಲಿ ಎಷ್ಟು ಜನ ಸಿಕ್ಕಾರು?

ರಾಜಕಾರಣದ ಅಧ್ಯಾಯವನ್ನು ಬಿಟ್ಟು ಈ ಲೆಕ್ಕ ಪೂರ್ತಿಯಾಗದು. ಬಾಗಲಕೋಟೆ ಜಿಲ್ಲೆಯ ತೇರದಾಳ, ರಬಕವಿ ಬನಹಟ್ಟಿಯ ನೇಕಾರರ ಕ್ಷೇತ್ರ. 2008ರಲ್ಲಿ ಅಲ್ಲಿ ಸೋತು, 2013ರಲ್ಲಿ ಗೆದ್ದು, ಸಿದ್ದರಾಮಯ್ಯನವರ ಸಂಪುಟದಲ್ಲಿ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ, ಕನ್ನಡ ಮತ್ತು ಸಂಸ್ಕೃತಿ ಖಾತೆಗಳ ಸಚಿವೆಯಾದರು. ಆರಂಭದಲ್ಲಿ ಆ ಸಂಪುಟದ ಏಕೈಕ ಮಹಿಳೆ ಅವರು. ಬಣ್ಣ ಹಚ್ಚಿ ಹೊಟ್ಟೆ ಹೊರೆದ ಹೆಣ್ಣುಮಗಳು ಕಲಾವಿದರ ಖಾತೆಯ ಕುರ್ಚಿಯಲ್ಲಿ ಕೂತಾಗ ರಂಗಭೂಮಿಯವರಿಗೆ ಆದ ಹಿಗ್ಗು ಸಣ್ಣದಲ್ಲ. 2015ರಲ್ಲಿ ನಮ್ಮ ಪಕ್ಕದ ಶ್ರವಣಬೆಳಗೊಳದಲ್ಲಿ 81ನೇ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನ ನಡೆದಾಗ ಕವಿ ಸಿದ್ಧಲಿಂಗಯ್ಯನವರು ಅಧ್ಯಕ್ಷರು, ಸಾಕವ್ವನನ್ನು ಆಡಿದ ನಟಿ ಸಂಸ್ಕೃತಿ ಸಚಿವೆ. ಎಪ್ಪತ್ತರ ದಶಕದ ಬೀದಿಯ ಕೂಗು ಅರಮನೆಯ ಅಂಗಳ ಮುಟ್ಟಿತೆಂದು ಅಂದುಕೊಂಡವರು ಆ ಜನಜಂಗುಳಿಯಲ್ಲಿ ಹಲವರಿದ್ದರು. ಅವರ ಅವಧಿಯ ಕೆಲಸಗಳಲ್ಲಿ ನಮಗೆ ಮುಖ್ಯವಾಗಿ ಕಾಣುವುದು ಸಂಸ್ಕೃತಿ ಇಲಾಖೆಯದ್ದಲ್ಲ, ಇನ್ನೊಂದು ಇಲಾಖೆಯದ್ದು. 2017ರ ಗಾಂಧಿ ಜಯಂತಿಯಂದು ರಾಜ್ಯಾದ್ಯಂತ ಶುರುವಾದ 'ಮಾತೃಪೂರ್ಣ', ಅಂಗನವಾಡಿಯಲ್ಲಿ ಬಸುರಿ ಬಾಣಂತಿಯರಿಗೆ ಮಧ್ಯಾಹ್ನದ ಬಿಸಿಯೂಟ, ಹಾಲು, ಮೊಟ್ಟೆ. ದಿನವೂ ಅಂಗನವಾಡಿಗೆ ನಡೆದು ಬಂದು ಉಣ್ಣಬೇಕೆಂಬ ನಿಯಮ ತೋಟದ ಮನೆಗಳ ಹೆಂಗಸರಿಗೆ ತೊಡಕಾಯಿತು ಎಂಬ ದೂರು ನಮ್ಮ ಕಡೆಯೂ ಕೇಳಿಬಂತು, ನ್ಯಾಯವಾದ ದೂರು. ಆದರೂ ಹಸಿವಿನ ಪಾತ್ರವನ್ನು ಆಡಿದವರ ಕಾಲದಲ್ಲಿ ಹಸಿವಿಗೆ ಸಂಬಂಧಿಸಿದ ಇಂಥದೊಂದು ಯೋಜನೆ ಬಂದದ್ದು ಬರಿಯ ಕಾಕತಾಳೀಯವೆಂದು ತಳ್ಳಿಹಾಕಲು ಮನಸ್ಸು ಬಾರದು. ಸಂಸ್ಕೃತಿಯ ಬಾಬತ್ತಿನಲ್ಲಿ ನಿರೀಕ್ಷೆ ಹೆಚ್ಚಿತ್ತು, ಕೈಗೆ ದಕ್ಕಿದ್ದು ಅಷ್ಟಿಲ್ಲ. ತಾಲ್ಲೂಕಿಗೊಂದು ರಂಗಮಂದಿರ ಎಂಬ ಮಾತು ಯಾವ ಸರ್ಕಾರದ ಬಾಯಲ್ಲಿ ಬಂದಿಲ್ಲ? ಆ ಐದು ವರ್ಷಗಳೂ ಅದಕ್ಕೆ ಹೊರತಾಗಲಿಲ್ಲ. ಹಳ್ಳಿಯ ನಾಟಕಗಳಿಗೆ ದ್ರೌಪದಿ ಕುಂತಿಯರಾಗಿ ಜೀವ ಸವೆಸಿದ ಹೆಣ್ಣುಮಕ್ಕಳು ಮುಪ್ಪಿನಲ್ಲಿ ಮಾಸಾಶನದ ಅರ್ಜಿ ಹಿಡಿದು ಅಲೆಯುವುದು ಆಗಲೂ ನಿಲ್ಲಲಿಲ್ಲ, ಈಗಲೂ ನಿಂತಿಲ್ಲ. ಅವರ ಬದುಕನ್ನು ಒಳಗಿನಿಂದ ಬಲ್ಲ ಸಚಿವೆ ಇನ್ನೊಬ್ಬರು ಯಾವಾಗ ಬಂದಾರೋ. 2018ರಲ್ಲಿ ತೇರದಾಳ ಕೈತಪ್ಪಿತು. 2023ರಲ್ಲಿ ವಿಧಾನ ಪರಿಷತ್ತಿಗೆ ನಾಮನಿರ್ದೇಶನ ಬಂತು.

ಚುನಾವಣೆ ಸೋತವರನ್ನು ಜನ ಮರೆಯುತ್ತಾರೆ ಎನ್ನುವುದು ರೂಢಿಯ ಮಾತು. ಉಮಾಶ್ರೀ ಬಗ್ಗೆ ಅದು ಸುಳ್ಳಾಯಿತು. ನಡುವೆ ಕಾಲವೇ ಬದಲಾಗಿತ್ತು. ಟೆಂಟುಗಳು ಹೋಗಿ ಎಷ್ಟೋ ಕಾಲವಾಗಿತ್ತು, ಹಳೆಯ ಟಾಕೀಸುಗಳು ಒಂದೊಂದಾಗಿ ಗೋದಾಮು, ಕಲ್ಯಾಣ ಮಂಟಪಗಳಾದವು. ಬೆಂಗಳೂರಿನ ಕಪಾಲಿಯಂಥ ಕಪಾಲಿಯೇ ಉರುಳಿತು. ಸಿನಿಮಾ ಮೊಬೈಲಿಗೆ ಬಂತು. 2021ರಲ್ಲಿ 'ರತ್ನನ್ ಪ್ರಪಂಚ' ನೇರವಾಗಿ ಅಲ್ಲಿಗೇ ಬಂದಾಗ, ಧನಂಜಯರ ತಾಯಿಯಾಗಿ ವಟಗುಟ್ಟುವ ಸರೋಜಮ್ಮನನ್ನು ಕಂಡು ಹೊಸ ತಲೆಮಾರು 'ಇವರು ಯಾರು' ಎಂದು ಹುಡುಕಿತು. ಅದೇ ವರ್ಷದ ಡಿಸೆಂಬರಿನಲ್ಲಿ ಜೀ ಕನ್ನಡದಲ್ಲಿ 'ಪುಟ್ಟಕ್ಕನ ಮಕ್ಕಳು' ಶುರುವಾಯಿತು. ಮೂರು ಹೆಣ್ಣುಮಕ್ಕಳನ್ನು ಕಟ್ಟಿಕೊಂಡು ಮೆಸ್ ನಡೆಸುವ ಪುಟ್ಟಕ್ಕ. ಕಥೆ ತೆಲುಗಿನಿಂದ ಬಂದದ್ದು, ತಿರುವುಗಳು ಧಾರಾವಾಹಿಯ ಸಹಜ ತಿರುವುಗಳು. ಸಂಜೆ ಏಳೂವರೆಗೆ ನಮ್ಮ ಊರುಗಳ ಬೀದಿ ಖಾಲಿಯಾಗುತ್ತಿದ್ದುದು ಕಥೆಗಾಗಿ ಅಲ್ಲ, ಸೊಂಟಕ್ಕೆ ಸೆರಗು ಸಿಕ್ಕಿಸಿ ಸಾರಿಗೆ ಒಗ್ಗರಣೆ ಹಾಕುವ ಆ ಹೆಂಗಸಿಗಾಗಿ. ಧಾರಾವಾಹಿಯ ಮಿಂಚುವ ಸೀರೆಗಳ ನಡುವೆ ಅವರೊಬ್ಬರು ದುಡಿದು ಬೆವರಿದವರ ಹಾಗೆ ಕಾಣುತ್ತಿದ್ದರು.

ಇದರ ಪಕ್ಕದಲ್ಲೇ ರಂಗಭೂಮಿಯ ಸಾಲ ತೀರಿಸುವುದೂ ನಡೆದಿತ್ತು. ಬೇಲೂರು ರಘುನಂದನ್ ಬರೆದ 'ಶರ್ಮಿಷ್ಠೆ'ಯನ್ನು ಚಿದಂಬರರಾವ್ ಜಂಬೆಯವರ ನಿರ್ದೇಶನದಲ್ಲಿ ಏಕವ್ಯಕ್ತಿ ಪ್ರಯೋಗವಾಗಿ ಆಡತೊಡಗಿದರು. ಅಸುರ ರಾಜನ ಮಗಳು, ದೇವಯಾನಿಯ ದಾಸಿ, ಯಯಾತಿಯ ಗುಟ್ಟಿನ ಹೆಂಡತಿ, ಪುರುವಿನ ತಾಯಿ. ಪುರಾಣ ಅವಳನ್ನು ಬೇರೆಯವರ ಕಥೆಯ ಅಂಚಿನಲ್ಲಿಟ್ಟು ಮುಂದೆ ಹೋಗುತ್ತದೆ. ಇಡೀ ರಂಗ ಅವಳೊಬ್ಬಳದೇ ಆದಾಗ ಏನಾಗುತ್ತದೆಂದು ಅರುವತ್ತು ದಾಟಿದ ನಟಿ ತೋರಿಸಿದರು. ನಾಲ್ಕನೆಯ ದೊಡ್ಡ ಪಾತ್ರವೂ ಸಾಹಿತಿಯೊಬ್ಬರ ಕೈಯಿಂದಲೇ ಬಂತು, ಅದೂ ಬೇಲೂರಿನ ಹೆಸರು ಹೊತ್ತವರ ಕೈಯಿಂದ. ಇಷ್ಟಕ್ಕೆ ಸುಮ್ಮನಾಗದೆ 2025ರ ಜನವರಿಯಲ್ಲಿ ಹೊನ್ನಾವರದಲ್ಲಿ ಪೆರ್ಡೂರು ಮೇಳದೊಂದಿಗೆ ಯಕ್ಷಗಾನಕ್ಕೂ ಇಳಿದರು. ಪಾತ್ರ ಮಂಥರೆ. ಹೆಣ್ಣುಪಾತ್ರವನ್ನೂ ಗಂಡಸರೇ ಮಾಡುತ್ತ ಬಂದ ವೃತ್ತಿಮೇಳದ ರಂಗಸ್ಥಳದಲ್ಲಿ, ಬಯಲುಸೀಮೆಯ ಹೆಣ್ಣುಮಗಳೊಬ್ಬಳು ಚೆಂಡೆಯ ಪೆಟ್ಟಿಗೆ ಹೆಜ್ಜೆ ಕೂಡಿಸಿದ್ದನ್ನು ಕರಾವಳಿಯ ಹಿರಿಯರು ಕುತೂಹಲದಿಂದ ನೋಡಿದರು. ಶಾಸ್ತ್ರದ ಲೋಪಗಳನ್ನು ಪಟ್ಟಿಮಾಡುವವರು ಮಾಡಲಿ. ಅರುವತ್ತೇಳರಲ್ಲಿ ಹೊಸ ಕಲೆಯೊಂದರ ಮೊದಲ ಪಾಠಕ್ಕೆ ಕೂರುವ ಚಿತ್ರನಟರು ಯಾರಿದ್ದಾರೆ ಎಂದು ಮೊದಲು ಹೇಳಿ, ಆಮೇಲೆ.

ಇತ್ತ ನಮ್ಮ ಸೀಮೆಯಲ್ಲಿ 'ಕುರುಕ್ಷೇತ್ರ' ಇನ್ನೂ ನಿಂತಿಲ್ಲ. ಸೀನರಿ ಈಗ ಲಾರಿಯಲ್ಲಿ ಬರುತ್ತದೆ, ಎಲ್‌ಇಡಿ ದೀಪದಲ್ಲಿ ಹೊಳೆಯುತ್ತದೆ, ಪಾತ್ರಧಾರಿಗಳ ಮುಖಗಳು ಹ್ಯಾಂಡ್‌ಪೋಸ್ಟಿನ ಫ್ಲೆಕ್ಸಿನಲ್ಲಿ ರಾಜಕಾರಣಿಗಳ ಮುಖದ ಜೊತೆ ನಗುತ್ತವೆ. ದ್ರೌಪದಿ ಬಸ್ಸಿನ ಬದಲು ಕಾರಿನಲ್ಲಿ ಬಂದು ಹೋಗುತ್ತಾರೆ, ಸಂಭಾವನೆಯೂ ಏರಿದೆ, ನಟಿಯರನ್ನು ಮಾತಾಡಿಸುವ ರೀತಿ ಒಂದಿಷ್ಟು ಸುಧಾರಿಸಿದೆ. ಊರಿನ ಹೆಣ್ಣುಮಕ್ಕಳು ಮಾತ್ರ ಇನ್ನೂ ಪ್ರೇಕ್ಷಕರ ಸಾಲಿನಲ್ಲೇ ಇದ್ದಾರೆ. ಒಂದು ರಾತ್ರಿಯ ನಾಟಕಕ್ಕೆ ಲಕ್ಷಗಟ್ಟಲೆ ಕೂಡಿಸುವ ನಮ್ಮ ಸಂಘಗಳಿಗೆ 'ಶರ್ಮಿಷ್ಠೆ'ಯನ್ನು ಕರೆಸುವುದು ಹೊರೆಯಲ್ಲ. ಅದಕ್ಕೆ ಅರಮನೆಯ ಪರದೆ ಬೇಡ, ಹತ್ತಾರು ಜನರ ಪಾತ್ರವರ್ಗ ಬೇಡ, ರಾತ್ರಿಯಿಡೀ ಕೂರುವ ಪ್ರಮೇಯವೂ ಇಲ್ಲ. ಈ ಸಲ ಜಾತ್ರೆಗಳ ತಿಂಗಳಲ್ಲಿ ಅರಸೀಕೆರೆಯವರಾಗಲಿ ಗಂಡಸಿಯವರಾಗಲಿ ಒಂದು ಮಾತು ಕೇಳಿನೋಡಬೇಕು. ನೊಣವಿನಕೆರೆ ದೂರವೇನಲ್ಲ, ಬರುವವರಿಗೂ ಇದು ತವರಿನ ಸೀಮೆಯೇ.